ಹತ್ತೊಂಬತ್ತು ಮತ್ತು ಹದಿಮೂರರ ಸರಾಸರಿ

ಹೊಸ ವರ್ಷದ ಮರುದಿನ ಬೆಳಿಗ್ಗೆ, ಇನ್ನೂ ತಿಂಡಿಯ ತಟ್ಟೆಗಳನ್ನು ಎತ್ತಿರಲಿಲ್ಲ, ವರ್ಲಿನ್ ಟೋಫ್ಟೆ ತನ್ನ ನೋಟ್‌ಬುಕ್ಕನ್ನು ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿಟ್ಟ. ವಿಸ್ಕಾನ್ಸಿನ್‌ನ ಆ ಸಣ್ಣ ಊರಿನ ಚೀಸ್ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಬಾಯ್ಲರ್ ನೋಡಿಕೊಂಡಿದ್ದು ನಿವೃತ್ತನಾದವನು. ಈಗ ಅರವತ್ತೊಂಬತ್ತು ವರ್ಷ. ಪಶ್ಚಿಮದ ಯಾವ ರಾಜ್ಯದಲ್ಲಿ ಯಾವ ವರ್ಷ ಯಾವ ಪ್ರಾಣಿಗೆ ಅರ್ಜಿ ಹಾಕಬೇಕು ಎನ್ನುವುದೆಲ್ಲ ಆ ನೋಟ್‌ಬುಕ್ಕಿನಲ್ಲಿ ಅವನಿಗೆ ಎಂಬತ್ತನಾಲ್ಕು ತುಂಬುವವರೆಗೂ ಪೆನ್ಸಿಲಿನಲ್ಲಿ ಗೆರೆ ಎಳೆದು ಬರೆದಿತ್ತು.

"ಅಪ್ಪ, ತಟ್ಟೆ ತೆಗೀಲಾ?" ಎಂದಳು ಮಗಳು ಡಾರ್ಸಿ. ಗಂಡನಿಂದ ಬೇರೆಯಾಗಿ ಎರಡು ವರ್ಷದಿಂದ ತನ್ನ ಹದಿನೈದರ ಮಗಳು ಬ್ರಿಟ್ಟಾಳ ಜೊತೆ ತವರಲ್ಲೇ ಇದ್ದಳು.

"ತಡಿ. ಈ ವರ್ಷ ವಯೋಮಿಂಗ್. ಈ ವರ್ಷವೇ."

ಆ ಮನೆಯಲ್ಲಿ ಈ ಮಾತಿನ ಅರ್ಥ ಗೊತ್ತಿಲ್ಲದವರು ಯಾರೂ ಇರಲಿಲ್ಲ. ವಯೋಮಿಂಗ್‌ನ ಬೆಟ್ಟದಲ್ಲಿ ಎಲ್ಕ್ ಎನ್ನುವ ದೊಡ್ಡ ಜಾತಿಯ ಜಿಂಕೆಯ ಬೇಟೆಗೆ ಹೊರರಾಜ್ಯದವರು ಹೋಗಬೇಕೆಂದರೆ ಟ್ಯಾಗ್, ಅಂದರೆ ಒಂದು ಪ್ರಾಣಿ ಹೊಡೆಯುವ ಪರವಾನಗಿ, ಸಿಗಬೇಕು. ಟ್ಯಾಗ್ ಸಿಗುವುದು ಚೀಟಿ ಎತ್ತುವುದರಲ್ಲಿ. ಕಾದ ವರ್ಷಕ್ಕೊಂದು ಪಾಯಿಂಟು. ಪಾಯಿಂಟು ಹೆಚ್ಚಿದ್ದವರಿಗೆ ಮೊದಲ ಸರದಿ. ವರ್ಲಿನ್ ಮತ್ತು ಅವನ ಹೆಂಡತಿಯ ಅಣ್ಣ ವೆಂಡೆಲ್ ಒಂದೇ ವರ್ಷ ಶುರುಮಾಡಿ ಹತ್ತೊಂಬತ್ತು ವರ್ಷ ಕಾದಿದ್ದರು. ಅವರು ಕಣ್ಣಿಟ್ಟಿದ್ದ ಆ ಒಂದು ಬೆಟ್ಟದ ಸೀಮೆಗೆ ಹೋದ ವರ್ಷ ಹತ್ತೊಂಬತ್ತು ಬೇಕಾಗಿತ್ತು, ಇವರದು ಒಂದು ಕಡಿಮೆಯಿತ್ತು. ಆದರೆ ವೆಂಡೆಲ್ ಆಗಸ್ಟಿನಲ್ಲಿ, ದೋಣಿಗೆ ಹಗ್ಗ ಕಟ್ಟುತ್ತಿದ್ದವನು, ಹಾಗೇ ದೋಣಿಕಟ್ಟೆಯ ಹಲಗೆಯ ಮೇಲೆ ಕುಸಿದು ತೀರಿಕೊಂಡಿದ್ದ.

"ವೆಂಡೆಲ್ ತಾತ ಇಲ್ವಲ್ಲ. ಯಾರ ಜೊತೆ ಹೋಗ್ತೀಯ ಅಜ್ಜ?" ಬ್ರಿಟ್ಟಾ ಕೇಳಿದಳು.

ಸಿಂಕಿನ ಹತ್ತಿರ ನಿಂತಿದ್ದ ಆರ್ಲಿಸ್ ನಲ್ಲಿ ನಿಲ್ಲಿಸಿದಳು. ವರ್ಲಿನ್‌ನ ಹೆಂಡತಿ, ವೆಂಡೆಲ್‌ನ ತಂಗಿ. ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುವ ಕೆಲಸ ಅರವತ್ತಾರಾದರೂ ಬಿಟ್ಟಿರಲಿಲ್ಲ.

"ಹುಡುಕ್ತೀನಿ," ಎಂದ ವರ್ಲಿನ್. "ಹತ್ತೊಂಬತ್ತು ಇರೋನು ಬೇಕು. ಜೊತೆಗೆ ಅರ್ಜಿ ಹಾಕಿದ್ರೆ ಇಬ್ರದ್ದೂ ಕೂಡಿಸಿ ಎರಡರಿಂದ ಭಾಗಿಸ್ತಾರೆ. ಕಡಿಮೆ ಇರೋನು ಬಂದ್ರೆ ನನ್ನನ್ನೂ ಕೆಳಗೆ ಎಳ್ಕೊಂಡು ಹೋಗ್ತಾನೆ."

"ಎಂಬತ್ತೆರಡಕ್ಕೆ ಇದೇನು ಬರ್ದಿದ್ದೀಯ? ಅರಿಜೋನಾ, ಕಾಡುಕುರಿ?" ಡಾರ್ಸಿ ಬಗ್ಗಿ ಓದಿದಳು. "ಮೊನ್ನೆ ಚರ್ಚಿನ ಮೆಟ್ಟಿಲು ಹತ್ತೋಕೆ ಕಂಬಿ ಹಿಡ್ಕೊಂಡೆ."

"ಅವತ್ತು ಮಂಜುಗಡ್ಡೆ ಕಟ್ಟಿತ್ತು."

"ಅರಿಜೋನಾದಲ್ಲಿ ಕಂಬಿ ಹಾಕ್ಸಿರ್ತಾರೆ ಬಿಡು."

ಬ್ರಿಟ್ಟಾ ನಕ್ಕಳು. ವರ್ಲಿನ್ ನಗಲಿಲ್ಲ. ಆರ್ಲಿಸ್ ಮತ್ತೆ ನಲ್ಲಿ ತಿರುಗಿಸಿದಳು.

ಮುಂದಿನ ಎರಡು ವಾರ ಅವನು ಊರೆಲ್ಲ ಸುತ್ತಿದ. ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಕೇಳಿದ, ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುವವರನ್ನು ಕೇಳಿದ, ಹೆಪ್ಪುಗಟ್ಟಿದ ಕೆರೆಯ ಮೇಲೆ ಗುಡಿಸಲು ಹಾಕಿ ಮೀನು ಹಿಡಿಯುತ್ತ ಕೂತವರ ಬಾಗಿಲನ್ನೂ ತಟ್ಟಿದ. ಒಬ್ಬನಿಗೆ ಆರು ಪಾಯಿಂಟು. ಒಬ್ಬನಿಗೆ ಹದಿನಾಲ್ಕಿತ್ತಂತೆ, ಎರಡು ವರ್ಷ ಮರೆತುಬಿಟ್ಟದ್ದಕ್ಕೆ ಎಲ್ಲ ಹೋಯಿತಂತೆ. ಮೂರನೆಯವನಿಗೆ ಸೊಂಟದ ಮೂಳೆ ಬದಲಾಯಿಸಿದ್ದರು. ಇವನಷ್ಟು ವರ್ಷ ಇವನಷ್ಟು ಕಟ್ಟುನಿಟ್ಟಾಗಿ ಕಾದವನು ಆ ಸುತ್ತಮುತ್ತ ವೆಂಡೆಲ್ ಬಿಟ್ಟರೆ ಇನ್ನೊಬ್ಬನಿರಲಿಲ್ಲ.

ಕೊನೆಗೆ ಬ್ರಿಟ್ಟಾ ಬೇಟೆಗಾರರ ಒಂದು ಅಂತರ್ಜಾಲ ಪುಟದಲ್ಲಿ ಅವನು ಹೇಳಿದಂತೆ ಬರೆದು ಹಾಕಿದಳು: ಹತ್ತೊಂಬತ್ತು ಪಾಯಿಂಟು ಇದೆ, ಅಷ್ಟೇ ಇರುವ ಜೊತೆಗಾರ ಬೇಕು, ಕುಡಿತ ಇಲ್ಲದವರು.

"ಮದುವೆ ಜಾಹೀರಾತು ಇದ್ದಂಗಿದೆ," ಎಂದಳು ಡಾರ್ಸಿ. "ಫೋಟೋ ಹಾಕಿಲ್ವಾ?"

ನಾಲ್ಕನೇ ದಿನ ಸಂಜೆ ಫೋನ್ ಬಂತು. ಪೆನ್ಸಿಲ್ವೇನಿಯಾದ ಪ್ರುಸಾಕ್ ಎನ್ನುವವನು. ಮನೆಗಳಿಗೆ ಛಾವಣಿ ಹೊದಿಸುತ್ತಿದ್ದವನಂತೆ, ಒಂಟಿ ಮನುಷ್ಯ. ವರ್ಲಿನ್ ಮೇಜಿನ ಬಳಿ ನಿಂತೇ ಮಾತಾಡಿದ. ಒಲೆಯಿಂದ ಆಲೂಗಡ್ಡೆ, ಮಾಂಸ ಒಟ್ಟಿಗೆ ಬೇಯಿಸಿದ ಹಾಟ್‌ಡಿಶ್ ಇಳಿಸುತ್ತಿದ್ದ ಆರ್ಲಿಸ್‌ಗೆ ಗಂಡನ ಮಾತು ಮಾತ್ರ ಕೇಳಿಸುತ್ತಿತ್ತು.

"ಹೌದು, ಹತ್ತೊಂಬತ್ತು... ಇಲ್ಲ, ಗೊರಕೆ ಹೊಡೆಯಲ್ಲ... ಡೇರೆ ಇದೆ, ನಮ್ಮ ಭಾವಂದು. ಅವ್ನಿಲ್ಲ ಈಗ... ಆಗ್ಲಿ, ಪ್ರುಸಾಕ್. ಹಂಗಾದ್ರೆ ಅದೇ ಆಯ್ತು."

ಫೋನ್ ಇಟ್ಟು ಕೈ ಉಜ್ಜಿಕೊಂಡ. "ಸಿಕ್ಕ!"

"ಗೊರಕೆ ಹೊಡೆಯಲ್ಲ ಅಂದ್ಯಲ್ಲ," ಎಂದಳು ಆರ್ಲಿಸ್.

"ಹೊಡೀತೀನಾ?"

"ನಲವತ್ತೆರಡು ವರ್ಷದಿಂದ."

ಅವಳು ಎಲ್ಲರಿಗೂ ಬಡಿಸಿದಳು. ತನ್ನ ತಟ್ಟೆಗೆ ಒಂದು ಸೌಟು ಹಾಕಿಕೊಂಡು, ಅದನ್ನೂ ಪೂರ್ತಿ ತಿನ್ನಲಿಲ್ಲ.

ಪ್ರತಿ ವರ್ಷ ಈ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬುತ್ತಿದ್ದವಳು ಆರ್ಲಿಸ್. ಅಣ್ಣನಿಗೂ ಗಂಡನಿಗೂ ಆ ಯಂತ್ರದ ಮುಂದೆ ಕೂತರೆ ಬೆವರು ಬರುತ್ತಿತ್ತು. ಅವಳು ಕನ್ನಡಕ ಹಾಕಿಕೊಂಡು ಕೂರುತ್ತಿದ್ದಳು, ಅವರು ಹಿಂದೆ ನಿಂತು ಬೆರಳು ತೋರಿಸುತ್ತಿದ್ದರು. ಈ ಸಲ ಜನವರಿಯ ಕೊನೆಯಲ್ಲಿ ಶಾಲೆಯ ಅಡುಗೆಮನೆಯಲ್ಲಿ ಇಬ್ಬರು ಜ್ವರ ಬಂದು ಮಲಗಿದರು. ಆರ್ಲಿಸ್ ಸಂಜೆಯವರೆಗೆ ಅಲ್ಲೇ ಇರಬೇಕಾಯಿತು. ಬಿಡುವು ಶನಿವಾರ, ಭಾನುವಾರ ಮಾತ್ರ. ಆ ಭಾನುವಾರ ಅವಳು ಜಿಂಕೆ ಮಾಂಸವನ್ನು ಈರುಳ್ಳಿ, ಗಜ್ಜರಿ ಹಾಕಿ ಬೇಯಿಸುತ್ತಿದ್ದಾಗ ವರ್ಲಿನ್ ಮೊಮ್ಮಗಳನ್ನು ಕೂರಿಸಿಕೊಂಡ.

"ನಂದು ತೆಗಿ. ಹತ್ತೊಂಬತ್ತು ಅಂತ ಇದ್ಯಾ ನೋಡು. ಪ್ರುಸಾಕ್‌ಗೆ ಹೇಳ್ಬೇಕು."

"ನಾನೇ ಆಮೇಲೆ ತೆಗೀತೀನಿ, ಬಿಡು," ಎಂದಳು ಆರ್ಲಿಸ್ ಒಲೆಯ ಕಡೆಯಿಂದ.

"ತೆಗ್ದೆ ಅಜ್ಜಿ, ಆಯ್ತು," ಎಂದಳು ಬ್ರಿಟ್ಟಾ. "ವರ್ಲಿನ್ ಟೋಫ್ಟೆ, ಎಲ್ಕ್, ಹತ್ತೊಂಬತ್ತು. ಕೆಳಗೆ ವೆಂಡೆಲ್ ತಾತಂದು ಇದೆ, ಇನ್ನೂ ಅಳಿಸಿಲ್ಲ. ಅದರ ಕೆಳಗೆ..." ಅವಳು ಪರದೆಗೆ ಮುಖ ಹತ್ತಿರ ತಂದಳು. "ಅಜ್ಜಿ, ನಿಂದೂ ಇದೆ. ಆರ್ಲಿಸ್ ಟೋಫ್ಟೆ, ಎಲ್ಕ್. ಹದಿಮೂರು."

ಪಾತ್ರೆಯ ಮುಚ್ಚಳ ಕುದಿಗೆ ಅಲುಗಾಡುತ್ತಿತ್ತು. ಡಾರ್ಸಿ ತಾಯಿಯ ಬೆನ್ನನ್ನೇ ನೋಡಿದಳು.

ವರ್ಲಿನ್‌ನ ತುಟಿ ಸ್ವಲ್ಪ ಅಲ್ಲಾಡಿತು. "ಹತ್ತೊಂಬತ್ತು, ಹದಿಮೂರು, ಮೂವತ್ತೆರಡು," ಎಂದ. "ಹದಿನಾರು. ಹದಿನಾರಕ್ಕೆ ಆ ಸೀಮೆ ಸಿಗಲ್ಲ."

ಆರ್ಲಿಸ್ ಒಲೆ ಆರಿಸಿದಳು. ಮಾಂಸದ ಪಾತ್ರೆಯನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಸೌಟಿಟ್ಟು, "ಬಡಿಸ್ಕೊಳ್ಳಿ," ಎಂದು ಹೇಳಿ ಕೋಟು ಹಾಕಿಕೊಂಡು ಹೊರಗೆ ಹೋದಳು. ಕಾರು ಹೊರಟ ಸದ್ದಾಯಿತು. ಅವಳು ಅಣ್ಣನ ಖಾಲಿ ಮನೆಯ ಮುಂದೆ ಕಾರಿನಲ್ಲೇ ಕೂತಿದ್ದು, ಗಾಜು ಮಂಜುಕಟ್ಟಿದ ಮೇಲೆ ವಾಪಸು ಬಂದಳು. ಎಲ್ಲಿಗೆ ಹೋಗಿದ್ದೆ ಎಂದು ಡಾರ್ಸಿ ಕೇಳಿದಳು. ವರ್ಲಿನ್ ಕೇಳಲಿಲ್ಲ.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಕೆಲಸಗಳು ಎಂದಿನಂತೆಯೇ ನಡೆದವು, ಮಾತು ಮಾತ್ರ ಕಡಿಮೆಯಾಯಿತು. ಆರ್ಲಿಸ್ ಬೆಳಿಗ್ಗೆ ಐದೂವರೆಗೆ ಎದ್ದು ಕಾಫಿ ಮಾಡಿಟ್ಟು ಶಾಲೆಗೆ ಹೋಗುತ್ತಿದ್ದಳು. ಸಂಜೆ ಬಂದು ಅಡುಗೆ ಮಾಡುತ್ತಿದ್ದಳು. "ಉಪ್ಪು ಕೊಡು," "ಬೂಟು ಅಲ್ಲಿಡ್ಬೇಡ," ಇಷ್ಟೇ. ವರ್ಲಿನ್ ಅಂಚೆಯಲ್ಲಿ ತರಿಸಿದ ಭೂಪಟವನ್ನು ಮುಂಬಾಗಿಲ ಕೋಣೆಯಲ್ಲಿ ಹರಡಿಕೊಂಡು ಕೂರುತ್ತಿದ್ದ. ಅಕ್ಕಪಕ್ಕದ ಕೋಣೆಯಲ್ಲಿದ್ದು ಇಬ್ಬರೂ ಒಬ್ಬರಿಗೊಬ್ಬರು ಕಾಗದ ಬರೆದರೆ ತಲುಪಲು ಒಂದು ವಾರ ಬೇಕೇನೋ ಎನ್ನುವಷ್ಟು ದೂರವಿದ್ದರು.

ಗುರುವಾರ ಒಂಬತ್ತು ಅಂಗುಲ ಹಿಮ ಬಿತ್ತು. ಅಪ್ಪ ಮಗಳು ಮನೆಮುಂದಿನ ದಾರಿಯಲ್ಲಿ ಸಲಿಕೆಯಿಂದ ಹಿಮ ಎತ್ತಿಹಾಕುತ್ತಿದ್ದರು.

"ಅಮ್ಮ ಯಾಕೆ ಹಾಕ್ತಿದ್ಲು ಅಂತ ಕೇಳಿದ್ಯಾ?" ಡಾರ್ಸಿ ಸಲಿಕೆ ನಿಲ್ಲಿಸಿದಳು.

"ಏನು ಕೇಳೋದು? ಅವ್ಳಿಗೆ ಅನ್ನಿಸ್ತು, ಹಾಕಿದ್ಲು."

"ಹದಿಮೂರು ವರ್ಷ, ಅಪ್ಪ. ಹದಿಮೂರು ಸಲ ನಿನ್ನ ಪಕ್ಕದಲ್ಲೇ ಕೂತು ನಿಂದು ತುಂಬಿ, ನೀನೆದ್ದು ಹೋದ್ಮೇಲೆ ತನ್ನದೂ ತುಂಬಿದ್ದಾಳೆ. ಗೊತ್ತಾದ ಕೂಡ್ಲೆ ನೀನು ಮಾಡಿದ್ದೇನು? ಭಾಗಾಕಾರ."

"ನಾನು ಇದ್ದದ್ದು ಇದ್ದಂಗೆ ಹೇಳ್ದೆ."

"ಅದೇ ನಿನ್ನ ತೊಂದ್ರೆ. ನನ್ನ ಗಂಡ ಬಿಟ್ಟುಹೋದಾಗ್ಲೂ ಇದ್ದದ್ದು ಇದ್ದಂಗೆ ಹೇಳ್ದೆ. ಆ ಮಂಚ ನಿನ್ನ ಕೋಣೇಲಿ ಹಿಡಿಯಲ್ಲ ಅಂದೆ."

"ಹಿಡಿಯಲಿಲ್ಲವಲ್ಲ!"

ಡಾರ್ಸಿ ಸಲಿಕೆಯನ್ನು ಹಿಮದಲ್ಲಿ ಚುಚ್ಚಿ ಒಳಗೆ ಹೋದಳು. ಅವನು ಉಳಿದ ದಾರಿಯನ್ನೆಲ್ಲ ಒಬ್ಬನೇ ತೆಗೆದ. ಅಂಚೆ ಪೆಟ್ಟಿಗೆಯವರೆಗೂ ತೆಗೆದು, ಬೇಕಿಲ್ಲದಿದ್ದರೂ ಪಕ್ಕದ ಮನೆಯವರದನ್ನೂ ಅರ್ಧ ತೆಗೆದ.

ಅಂದು ಸಂಜೆ ಆರ್ಲಿಸ್ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಾಗ ಅವನು ಬಂದು ಎದುರು ಕುರ್ಚಿಯಲ್ಲಿ ಕೂತ.

"ನಂಗೆ ಯಾಕೆ ಹೇಳ್ಲಿಲ್ಲ?"

"ನೀನು ಯಾವತ್ತು ಕೇಳ್ದೆ?"

"ನಿಂಗೆ ಇಷ್ಟ ಇದೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?"

ಅವಳು ಆಲೂಗಡ್ಡೆಯನ್ನು ನೀರಿಗೆ ಹಾಕಿದಳು. "ನನ್ನ ಹದಿನೇಳನೇ ವಯಸ್ಸಲ್ಲಿ ಹೊಡೆದ ಜಿಂಕೆ ಕೊಂಬು ವೆಂಡೆಲ್ ಮನೆ ಗೋಡೆ ಮೇಲಿದೆ. ನೀನು ನಮ್ಮನೆಗೆ ಮೊದಲ ಸಲ ಬಂದಾಗ ಅದರ ಕೆಳಗೇ ಕೂತು ಊಟ ಮಾಡ್ದೆ. ಯಾರು ಹೊಡ್ದಿದ್ದು ಅಂತ ಕೇಳ್ದೆ, ನಾನು ಅಂದೆ. ಮರ್ತಿದ್ದೀಯ."

ಅವನು ಮರೆತಿದ್ದ.

"ಡಾರ್ಸಿ ಹುಟ್ಟಿದ್ಮೇಲೆ ಯಾರಾದ್ರೂ ಮನೇಲಿರ್ಬೇಕಿತ್ತು, ಇದ್ದೆ. ಆಮೇಲೆ ಬೇಟೆಗೆ ಹೋಗೋರಿಗೆ ಬುತ್ತಿ ಕಟ್ಟೋರು ಬೇಕಿತ್ತು, ಕಟ್ಟಿದೆ. ಅವ್ಳು ಮದ್ವೆಯಾಗಿ ಹೋದ್ಮೇಲೆ ಒಂದು ವರ್ಷ ನಿಮ್ಮಿಬ್ರದ್ದೂ ಅರ್ಜಿ ತುಂಬ್ತಾ ಇದ್ದಾಗ ನೀನು ನಾಯಿ ಬಿಡೋಕೆ ಹೊರಗೆ ಹೋದೆ. ವೆಂಡೆಲ್ ಅಂದ, ನಿಂದೂ ಹಾಕು ಪುಟ್ಟಿ, ಒಂದಿನ ಅವ್ನೇ ಕರೀತಾನೆ. ಹಾಕ್ದೆ." ಇನ್ನೊಂದು ಆಲೂಗಡ್ಡೆ ತೆಗೆದುಕೊಂಡಳು. "ಪ್ರತಿ ವರ್ಷ ಹಾಕುವಾಗ್ಲೂ ಈ ವರ್ಷ ಕರೀತಾನೆ ಅಂತ. ವೆಂಡೆಲ್ ಹೋದ್ಮೇಲಂತೂ, ಇನ್ಯಾರನ್ನ ಕರೀತಾನೆ ಅನ್ಕೊಂಡೆ. ನೀನು ಪೆನ್ಸಿಲ್ವೇನಿಯಾದಿಂದ ಒಬ್ಬನ್ನ ಹುಡುಕ್ಕೊಂಡು ಬಂದೆ."

"ಆರ್ಲಿಸ್, ಪಾಯಿಂಟು..."

"ಗೊತ್ತು. ಹದಿನಾರು."

ಅವನು ಮೇಜಿನ ಮೇಲಿದ್ದ ಸಿಪ್ಪೆಯನ್ನು ಎರಡು ಕೈಯಲ್ಲಿ ಬಾಚಿ ಬುಟ್ಟಿಗೆ ಹಾಕಿದ. ನೆಲದ ಮೇಲೆ ಬಿದ್ದದ್ದನ್ನೂ ಹೆಕ್ಕಿದ.

ಅರ್ಜಿಗೆ ಕೊನೆಯ ದಿನ ಸೋಮವಾರ. ಭಾನುವಾರ ಚರ್ಚಿನಿಂದ ಮನೆಗೆ ಬಂದವನೇ ಕೋಟನ್ನೂ ಬಿಚ್ಚದೆ, "ಪ್ರುಸಾಕ್‌ಗೆ ಬೇಡ ಅಂತ ಹೇಳ್ತೀನಿ," ಎಂದ. "ನಮ್ಮಿಬ್ರದ್ದೂ ಒಟ್ಟಿಗೆ ಹಾಕು. ಬೇರೆ ಸೀಮೆಗೆ ಹಾಕೋಣ. ಹದಿನಾರಕ್ಕೆ ಯಾವ್ದು ಸಿಗುತ್ತೋ ಅದು."

ಬ್ರಿಟ್ಟಾ ತಲೆ ಎತ್ತಿ ಅಜ್ಜಿಯನ್ನು ನೋಡಿದಳು. ಡಾರ್ಸಿ ರೆಫ್ರಿಜರೇಟರಿನ ಬಾಗಿಲು ಹಿಡಿದು ಹಾಗೇ ನಿಂತಳು.

"ನಂದು ಶುಕ್ರವಾರವೇ ಹಾಕ್ದೆ," ಎಂದಳು ಆರ್ಲಿಸ್. "ಹನ್ನೆರಡಕ್ಕೆ ಸಿಗೋ ಒಂದು ಸೀಮೆ ಇದೆ. ಒಬ್ಳೇ."

"ಒಬ್ಳೇನಾ?"

"ವೆಂಡೆಲ್ ಟ್ರಕ್ಕು ತಗೊಂಡು ಹೋಗ್ತೀನಿ. ಬಂದೂಕೂ ಅವ್ನದೇ."

"ಹಾಕಿದ ಅರ್ಜಿ ತಿದ್ದಬಹುದು. ಮೇ ತನಕ ತಿದ್ದೋಕೆ ಬಿಡ್ತಾರೆ."

"ಬಿಡ್ತಾರೆ. ನಾನು ತಿದ್ದಲ್ಲ." ಅವಳ ದನಿಯಲ್ಲಿ ಕೋಪವಿರಲಿಲ್ಲ, ಅದು ಅವನನ್ನು ಇನ್ನೂ ಹೆದರಿಸಿತು. "ನನ್ನ ಕರ್ಕೊಂಡು ಹೋದ್ರೆ ನೀನು ಆ ಬೆಟ್ಟ ಬಿಡ್ಬೇಕು. ಬಿಟ್ಟೆ ಅಂತ ಬಾಯಿಬಿಟ್ಟು ಹೇಳಲ್ಲ ನೀನು, ಅಷ್ಟು ಒಳ್ಳೆಯವನೇ. ಆದ್ರೆ ಇನ್ನು ಸಾಯೋತನಕ ಈ ಮೇಜಿನ ಹತ್ರ ನನ್ನೆದುರು ಕೂತು ಆ ಮೂರು ಪಾಯಿಂಟು ಎಣಿಸ್ತಿರ್ತೀಯ. ನಂಗೆ ಅದನ್ನ ನೋಡ್ಕೊಂಡು ಊಟ ಮಾಡೋಕಾಗಲ್ಲ. ಬಾ, ಕೂತ್ಕೋ. ಪ್ರುಸಾಕ್‌ದು ಅರ್ಜಿ ನಂಬರ್ ಹೇಳು."

ಅವಳು ಕನ್ನಡಕ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತಳು. ಅವನು ಹಿಂದೆ ನಿಂತು ಒಂದೊಂದೇ ಹೇಳಿದ, ಅವಳು ಒಂದೊಂದೇ ತುಂಬಿದಳು. ಕೊನೆಯ ಗುಂಡಿ ಒತ್ತುವ ಮುಂಚೆ ಒಂದು ಸಲ ತಿರುಗಿ ನೋಡಿದಳು. ಅವನು ತಲೆಯಾಡಿಸಿದ. ಬೇಡ ಎನ್ನಬಹುದಿತ್ತು; ಎನ್ನಲಿಲ್ಲ.

ಮೇ ತಿಂಗಳಲ್ಲಿ ಇಬ್ಬರಿಗೂ ಟ್ಯಾಗ್ ಬಂತು. ಅವನದು ಅಕ್ಟೋಬರ್ ಒಂದರಿಂದ, ಅವಳದು ಹದಿನೈದರಿಂದ.

ವರ್ಲಿನ್‌ನ ಬೇಟೆ ಅವನು ನೋಟ್‌ಬುಕ್ಕಿನಲ್ಲಿ ಬರೆದಂತೆಯೇ ನಡೆಯಿತು. ಐದನೇ ದಿನ ಬೆಳಗಾಗುವ ಹೊತ್ತಿಗೆ, ಹತ್ತೊಂಬತ್ತು ವರ್ಷ ಭೂಪಟದಲ್ಲಿ ಬೆರಳಾಡಿಸಿದ್ದ ಅದೇ ಕಣಿವೆಯಲ್ಲಿ, ಆರಾರು ಕವಲಿನ ಕೊಂಬಿನ ಗಂಡು ಎಲ್ಕ್ ಮರಗಳ ನಡುವಿನಿಂದ ಬಯಲಿಗೆ ಬಂತು. ಒಂದೇ ಗುಂಡು. ಅವನು ಹತ್ತಿರ ಹೋಗಿ ಮಂಡಿಯೂರಿ ಅದರ ಬೆಚ್ಚನೆಯ ಕುತ್ತಿಗೆಯ ಮೇಲೆ ಕೈಯಿಟ್ಟ. ಏನೋ ಹೇಳಬೇಕೆಂದು ತಿರುಗಿದ. ಹಿಂದೆ ಪ್ರುಸಾಕ್ ನಿಂತಿದ್ದ. ಒಳ್ಳೆಯ ಮನುಷ್ಯ, ಕೆಲಸಗಾರ, ಐದು ದಿನಕ್ಕೆ ಐವತ್ತು ಮಾತಾಡಿರಲಿಲ್ಲ.

"ದೊಡ್ಡದೇ," ಎಂದ ಪ್ರುಸಾಕ್. "ಬಿಸಿಲೇರೋ ಮುಂಚೆ ಶುರು ಮಾಡೋಣ್ವಾ?"

ವರ್ಲಿನ್ ಚಾಕು ತೆಗೆದ. ಹೇಳಬೇಕೆಂದಿದ್ದದ್ದು ಏನೆಂದು ಆಮೇಲೆ ಅವನಿಗೇ ನೆನಪಾಗಲಿಲ್ಲ.

ಅವನು ಮನೆಗೆ ಬಂದ ಮರುದಿನ ಆರ್ಲಿಸ್ ಹೊರಟಳು. ಸಾವಿರ ಮೈಲಿಯ ದಾರಿ. ವರ್ಲಿನ್ ಟ್ರಕ್ಕಿನ ಎಣ್ಣೆ ನೋಡಿದ, ಚಕ್ರದ ಗಾಳಿ ನೋಡಿದ, ಇನ್ನೊಂದು ಸಲ ನೋಡಿದ. "ನಾನೂ ಬರ್ಲಾ? ಡೇರೆ ಕಾಯ್ಕೊಂಡಿರ್ತೀನಿ," ಎಂದ.

"ಬ್ರಿಟ್ಟಾಗೆ ಮಂಗಳವಾರ ಹಲ್ಲಿನ ಡಾಕ್ಟರ ಹತ್ರ ಹೋಗೋದಿದೆ. ಡಾರ್ಸಿಗೆ ರಜಾ ಸಿಗಲ್ಲ. ಕರ್ಕೊಂಡು ಹೋಗು," ಎಂದು ಅವಳು ಟ್ರಕ್ಕು ಹತ್ತಿದಳು.

ಇಷ್ಟು ವರ್ಷ ಅವನು ಬೇಟೆಗೆ ಹೋದಾಗಲೆಲ್ಲ ಹಿಂದೆ ಅವಳಿದ್ದಳು. ಮನೆಯಲ್ಲಿ ಉಳಿಯುವುದೆಂದರೇನು ಎಂದು ಅವನು ಯೋಚಿಸಿರಲಿಲ್ಲ. ಬ್ರಿಟ್ಟಾ ಶಾಲೆಗೆ, ಡಾರ್ಸಿ ಕೆಲಸಕ್ಕೆ ಹೋದ ಮೇಲೆ ರೆಫ್ರಿಜರೇಟರಿನ ಗುಂಯ್ ಎನ್ನುವ ಸದ್ದು ಬಿಟ್ಟರೆ ಇನ್ನೊಂದಿರಲಿಲ್ಲ. ತೆರೆದು ನೋಡಿದ. ಅವಳು ಅಡುಗೆ ಮಾಡಿಟ್ಟು ಹೋಗಿರಲಿಲ್ಲ. ಮೊಟ್ಟೆ ಒಡೆದು ಹುರಿದ, ಮರುದಿನವೂ ಅದೇ. ಮೂರನೇ ದಿನ ಬ್ರಿಟ್ಟಾ, "ಅಜ್ಜ, ಇವತ್ತು ಮೊಟ್ಟೆ ಬೇಡ," ಎಂದಳು. ಅವನು ಅಂಗಡಿಗೆ ಹೋಗಿ ಏನು ತರಬೇಕೆಂದು ತಿಳಿಯದೆ ಸಾಲುಗಳ ನಡುವೆ ತಿರುಗಿ ಬರೀ ಬ್ರೆಡ್ಡು ತಂದ.

ಆ ಬೆಟ್ಟದಲ್ಲಿ ಫೋನ್ ಸಿಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ದಿನಕ್ಕೆರಡು ಸಲ ಮಾಡುತ್ತಿದ್ದ. ಆರನೇ ದಿನ ವಯೋಮಿಂಗ್‌ನಲ್ಲಿ ಹಿಮ ಎಂದು ಟಿವಿಯಲ್ಲಿ ಹೇಳಿದರು. ಅವನು ಭೂಪಟ ತಂದು ಹರಡಿದ. ಅವಳಿರುವ ಸೀಮೆ ಅದರಲ್ಲಿರಲಿಲ್ಲ. ತನ್ನ ಬೆಟ್ಟದ ಭೂಪಟ ಮಾತ್ರ ತರಿಸಿದ್ದ.

"ಅಮ್ಮ ನಿಂಗೆ ಫೋನ್ ಮಾಡಿದ್ಲಾ?" ಎಂದು ಡಾರ್ಸಿಯನ್ನು ಕೇಳಿದ.

"ಇಲ್ಲ. ನೀನು ಹೋದಾಗ ಅಮ್ಮ ದಿನಾ ಇದನ್ನೇ ಕೇಳ್ತಿದ್ಲು," ಎಂದಳು ಡಾರ್ಸಿ. ಚುಚ್ಚಬೇಕೆಂದು ಹೇಳಲಿಲ್ಲ. ಅಪ್ಪನಿಗೆ ಒಂದು ಲೋಟ ಕಾಫಿ ಮಾಡಿ ಕೊಟ್ಟು ಪಕ್ಕದಲ್ಲಿ ಕೂತಳು.

ಹತ್ತನೇ ದಿನ ಮಧ್ಯಾಹ್ನ ಟ್ರಕ್ಕು ಬಂತು. ಚಕ್ರದಿಂದ ಬಾಗಿಲವರೆಗೆ ಕೆಸರು. ಹಿಂದುಗಡೆ ದೊಡ್ಡ ಐಸ್ ಪೆಟ್ಟಿಗೆಗಳು. ಆರ್ಲಿಸ್ ಇಳಿದು ಸೊಂಟ ಹಿಡಿದುಕೊಂಡು ನಿಂತಳು. ಮುಖ ಬಿಸಿಲಿಗೂ ಗಾಳಿಗೂ ಕಂದಿ, ತುಟಿ ಒಡೆದಿತ್ತು. ಬ್ರಿಟ್ಟಾ ಓಡಿಹೋಗಿ ತಬ್ಬಿಕೊಂಡಳು.

"ಸಿಕ್ತಾ ಅಜ್ಜಿ?"

"ಹೆಣ್ಣೆಲ್ಕ್ ಒಂದು ಸಿಕ್ತು."

"ಹೆಂಗೆ ಹೊತ್ಕೊಂಡು ಬಂದೆ?" ವರ್ಲಿನ್ ಬಾಗಿಲಲ್ಲೇ ನಿಂತು ಕೇಳಿದ.

"ರಸ್ತೆಗೆ ಮುಕ್ಕಾಲು ಮೈಲಿ. ತುಂಡು ಮಾಡಿ ಆರು ಸಲ ಹೊತ್ತೆ. ಎರಡು ದಿನ ಹಿಡೀತು."

ಅವನು ಬೇರೇನೂ ಕೇಳದೆ ಪೆಟ್ಟಿಗೆಗಳನ್ನು ಇಳಿಸಿದ. ಗ್ಯಾರೇಜಿನಲ್ಲಿ ಉದ್ದ ಮೇಜು ಹಾಕಿ, ಅವಳು ಕತ್ತರಿಸಿದಳು, ಅವನು ಬಿಳಿ ಕಾಗದದಲ್ಲಿ ಸುತ್ತಿ ಅಂಟುಪಟ್ಟಿ ಹಾಕಿದ, ಬ್ರಿಟ್ಟಾ ಪೊಟ್ಟಣಗಳ ಮೇಲೆ ತಾರೀಖು ಬರೆದಳು. ಒಂದು ಗಂಟೆ ಹಾಗೇ ಕಳೆಯಿತು.

"ಈಗ ಇಬ್ರದ್ದೂ ಸೊನ್ನೆ ಅಲ್ವಾ ಅಜ್ಜ?" ಎಂದಳು ಬ್ರಿಟ್ಟಾ. "ಟ್ಯಾಗ್ ಸಿಕ್ಮೇಲೆ ಮತ್ತೆ ಮೊದಲಿಂದ."

"ಹೂಂ." ವರ್ಲಿನ್ ಒಂದು ಪೊಟ್ಟಣದ ಅಂಚು ಮಡಚಿದ, ಬಿಚ್ಚಿ ಮತ್ತೆ ಮಡಚಿದ. "ಆರ್ಲಿಸ್. ಈ ಜನವರಿಗೆ ಒಟ್ಟಿಗೆ ಹಾಕೋಣ. ಐದಾರು ವರ್ಷಕ್ಕೆ ಸಿಗೋ ಸೀಮೆಗಳೂ ಇವೆ. ನಾನು ನಡೀಬಲ್ಲೆ ಆಗ್ಲೂ."

ಅವಳ ಚಾಕು ನಿಲ್ಲಲಿಲ್ಲ. ಒಂದು ಮೂಳೆಯ ಸುತ್ತ ನಿಧಾನವಾಗಿ ಬಿಡಿಸಿ ಪಕ್ಕಕ್ಕಿಟ್ಟಳು.

"ಒಬ್ಳೇ ಹೋಗಿದ್ದು ನಂಗೆ ಹಿಡಿಸ್ತು, ವರ್ಲಿನ್," ಎಂದಳು. "ಹಿಡಿಸಲ್ಲ ಅನ್ಕೊಂಡಿದ್ದೆ. ಹಿಡಿಸ್ತು."

ಅವನು ಅಂಟುಪಟ್ಟಿ ಕೈಯಲ್ಲಿ ಹಿಡಿದು ನಿಂತ. ಬ್ರಿಟ್ಟಾ ಪೆನ್ನಿನ ಮುಚ್ಚಳ ಹಾಕಿ, ಹೋಂವರ್ಕ್ ಇದೆ ಎಂದು ಗೊಣಗಿ ಒಳಗೆ ಹೋದಳು.

"ಸರಿ," ಎಂದ ವರ್ಲಿನ್.

ಅವಳು ಮುಂದಿನ ತುಂಡು ಎಳೆದುಕೊಂಡಳು. "ಒಂದೇ ಒಂದು ಕೊರತೆ. ಎಲ್ಕ್ ಬಿದ್ದಾಗ ವೆಂಡೆಲ್‌ಗೆ ಹೇಳ್ಬೇಕು ಅನ್ನಿಸ್ತು. ಬರ್ತಾ ದಾರೀಲಿ, ಸಾವಿರ ಮೈಲಿ, ಒಬ್ಬೊಬ್ರನ್ನೇ ನೆನೆಸ್ಕೊಂಡೆ, ಯಾರಿಗೆ ಹೇಳೋದು ಅಂತ."

ವರ್ಲಿನ್ ಗೋಡೆಗೆ ಒರಗಿಸಿದ್ದ ಸ್ಟೂಲನ್ನು ಎಳೆದು ಅವಳ ಎದುರು ಹಾಕಿಕೊಂಡು ಕೂತ.

"ನಂಗೆ ಹೇಳು," ಎಂದ. "ಮೊದಲನೇ ದಿನದಿಂದ."

ಅವನು ಬರೀ ಮಾತಿಗೆ ಕೇಳುತ್ತಿದ್ದಾನೋ ನಿಜವಾಗಿ ಕೇಳುತ್ತಿದ್ದಾನೋ ಎಂದು ಅವಳು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಚಾಕು ಕೆಳಗಿಟ್ಟು ಕೈ ಒರೆಸಿಕೊಂಡಳು.

"ಮೊದಲನೇ ದಿನ ಏನೂ ಕಾಣ್ಲಿಲ್ಲ," ಎಂದಳು. "ಪೂರ್ತಿ ಮಂಜು. ನಾನು ಒಂದು ಬಿದ್ದ ಮರದ ಮೇಲೆ ಮಧ್ಯಾಹ್ನದ ತನಕ ಸುಮ್ನೆ ಕೂತಿದ್ದೆ."